ಸವತಿಗೆ ಕಿಟಕಿ ಪಕ್ಕದ ಸೀಟು

ಸಾತುರ್ನಿನೋ ಪೋಮಾನಿಗೆ ಇಬ್ಬರು ಹೆಂಡಿರು ಎಂದು ಪೆರು ದೇಶದ ಮಂತಾರೊ ಕಣಿವೆಯ ಮಂದಿಯೆಲ್ಲ ಆಡಿಕೊಳ್ಳುತ್ತಿದ್ದರು. ಒಬ್ಬಳು ದೋಮಿತಿಲಾ, ಮನೆಯಲ್ಲಿದ್ದು ಆಲೂಗಡ್ಡೆ ಬೆಳೆಯುವವಳು. ಇನ್ನೊಬ್ಬಳು ಅವನ ಹಾರ್ಪ್, ಆಳೆತ್ತರದ, ದೊಡ್ಡ ಹೊಟ್ಟೆಯ, ತಂತಿ ಬಿಗಿದ ಮರದ ವಾದ್ಯ. ಈ ಮಾತನ್ನು ಹುಟ್ಟುಹಾಕಿದವಳು ದೋಮಿತಿಲಾಳೇ. ಬ್ಯಾಂಡಿನ ಬಸ್ಸಿನಲ್ಲಿ ಹಾರ್ಪಿಗೆ ಯಾವತ್ತೂ ಕಿಟಕಿ ಪಕ್ಕದ ಸೀಟು. ಮೇಲೆ ಕಟ್ಟಿದರೆ ಮಳೆಗೆ ಮರ ಬಿರಿಯುತ್ತದೆ, ಓಡಾಡುವ ಜಾಗದಲ್ಲಿಟ್ಟರೆ ಕುಡಿದವರು ಎಡವುತ್ತಾರೆ. ಹಾಗಾಗಿ ಸಾತುರ್ನಿನೋ ಅದಕ್ಕೆ ಕಂಬಳಿ ಹೊದಿಸಿ, ಕಿಟಕಿಗೆ ಒರಗಿಸಿ, ಪಕ್ಕದಲ್ಲಿ ತಾನು ಕೂತು, ತೋಳಿನಿಂದ ಬಳಸಿಕೊಂಡು ನಿದ್ದೆ ಹೊಡೆಯುತ್ತಿದ್ದ.

"ನನ್ನ ಸವತಿ ಇಡೀ ಪೆರು ದೇಶ ಸುತ್ತವ್ಳೆ. ನಾನು ಸಂತೆ ದಾಟಿ ಆಚೆ ಹೋಗಿಲ್ಲ" ಎಂದು ದೋಮಿತಿಲಾ ನಲ್ಲಿಯ ಹತ್ತಿರ ನಿಂತು ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಹೇಳುವುದನ್ನು ಬಿಡುತ್ತಿರಲಿಲ್ಲ.

ಸಾತುರ್ನಿನೋನಿಗೆ ಆ ಅಲೆದಾಟ ಎಂದರೆ ಪ್ರಾಣ. ಇವತ್ತು ಒಂದು ಊರಿನ ಸಂತನ ಹಬ್ಬ, ನಾಡಿದ್ದು ಬೆಟ್ಟದಾಚೆ ಇನ್ನೊಬ್ಬ ಸಂತನದು. ಹಬ್ಬದ ಖರ್ಚು ಹೊತ್ತ ಯಜಮಾನನ ಮನೆಯಲ್ಲಿ ಹುಲ್ಲಿನ ಮೇಲೆ ಮಲಗುವುದು, ಬೆಳಗಾಗುತ್ತಲೇ ದಪ್ಪ ಮೆಕ್ಕೆಜೋಳದ ಕಾಳು ಹಾಕಿದ ಕುರಿ ಸೂಪು ಕುಡಿಯುವುದು, ಆಮೇಲೆ ಮಂದಿಯ ಕಾಲು ಸೋಲುವ ತನಕ ನುಡಿಸುವುದು. ಊರಿನ ಹೆಸರು ಮರೆತರೂ ಅವನು ಉಂಡ ಮನೆ ಮರೆಯುತ್ತಿರಲಿಲ್ಲ. ಅಷ್ಟೊಂದು ಸ್ಯಾಕ್ಸೋಫೋನುಗಳ ಗದ್ದಲದಲ್ಲಿ ನಿನ್ನ ಹಾರ್ಪು ಯಾರಿಗೆ ಕೇಳಿಸುತ್ತದೆ ಎಂದು ಪೇಟೆಯ ಮಂದಿ ಕೇಳುವುದುಂಟು. ಅಂಥವರಿಗೆ ಉತ್ತರ ಕೊಡುವುದೇ ದಂಡ. ಕುಣಿಯುವವರಿಗೆ ಅದು ಕಿವಿಗಲ್ಲ, ಅಂಗಾಲಿಗೆ ಕೇಳಿಸುತ್ತದೆ. ಹಾರ್ಪ್ ನಿಂತರೆ ಹೆಜ್ಜೆ ತಪ್ಪುತ್ತದೆ, ಯಾಕೆಂದು ಮಾತ್ರ ಗೊತ್ತಾಗುವುದಿಲ್ಲ.

ಕೂತು ನುಡಿಸುವುದೇನೋ ಸರಿ. ಕಷ್ಟವಿರುವುದು ಮೆರವಣಿಗೆಯಲ್ಲಿ. ಸಂತನನ್ನು ಹೊತ್ತು ಊರು ಸುತ್ತುವಾಗ ಬ್ಯಾಂಡು ಹಿಂದೆ ನಡೆಯಬೇಕು, ಬ್ಯಾಂಡಿನ ಜೊತೆ ಹಾರ್ಪೂ ನಡೆಯಬೇಕು. ಆಗ ಹಾರ್ಪಿನವನು ಅದನ್ನು ತಲೆಕೆಳಗು ಮಾಡಿ, ಹೊಟ್ಟೆಯ ಭಾಗವನ್ನು ಹೆಗಲ ಮೇಲೇರಿಸಿ, ಎರಡು ಕೈಯಲ್ಲೂ ತಂತಿ ಮೀಟುತ್ತ ಹೆಜ್ಜೆ ಹಾಕುತ್ತಾನೆ. ಸಾತುರ್ನಿನೋನ ಅಪ್ಪ ಹೀಗೇ ನಡೆದಿದ್ದ, ಅಜ್ಜನೂ ನಡೆದಿದ್ದ. ಹೋದ ಮಳೆಗಾಲದಲ್ಲಿ ಸಾತುರ್ನಿನೋ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು ಹೆಗಲು ಮುರಿದುಕೊಂಡ. ಮೂಳೆ ಕೂಡಿತು, ಬೆರಳು ಮೊದಲಿನಂತೆ ಆಡಿದವು. ಹೆಗಲು ಮಾತ್ರ ಭಾರ ಹೊರಲೊಲ್ಲೆ ಎಂದು ಹಟ ಹಿಡಿಯಿತು.

ಬ್ಯಾಂಡಿನ ಡೈರೆಕ್ಟರ್ ವಿಲ್ಮರ್ ಯಾರಂಗಾ ಕೆಟ್ಟವನಲ್ಲ. ಆದರೆ ಅವನಿಗೊಬ್ಬ ಬಾಮೈದನಿದ್ದ, ಆ ಬಾಮೈದನ ಹತ್ತಿರ ಒಂದು ಬೇಸ್ ಗಿಟಾರ್ ಇತ್ತು.

"ದೊಡ್ಡಪ್ಪ, ಸಂತ ಸೆಬಾಸ್ತಿಯಾನನ ಹಬ್ಬಕ್ಕೆ ಬಾ" ಎಂದ ವಿಲ್ಮರ್, ನೆಲ ನೋಡುತ್ತ. "ಮೆರವಣಿಗೆ ಪೂರ್ತಿ ನಡೆದ್ರೆ ನಿನ್ನ ಜಾಗ ನಿಂದೇ. ಆಗದೇ ಹೋದ್ರೆ ಮುಂದಿನ ಹಬ್ಬದಿಂದ ಬಾಮೈದ ಬರ್ತಾನೆ. ಕೈಗಾಡಿ ಮೇಲೆ ಬ್ಯಾಟರಿ, ಸ್ಪೀಕರ್ ಇಟ್ಕೊಂಡು ಬರ್ತಾನಂತೆ."

"ಸಂತನ ಹಿಂದೆ ಐಸ್‌ಕ್ರೀಮ್ ಗಾಡಿ ಬಂದಂಗಿರುತ್ತೆ" ಎಂದ ಸಾತುರ್ನಿನೋ. ವಿಲ್ಮರ್ ನಕ್ಕ, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಸಾತುರ್ನಿನೋ ಎರಡು ಸಲ ಹಾರ್ಪ್ ಹೆಗಲಿಗೇರಿಸಿ ನೋಡಿದ. ಅಂಗಳ ದಾಟುವುದರೊಳಗೆ ಕಣ್ಣಲ್ಲಿ ನೀರು ಬಂತು. ದೋಮಿತಿಲಾ ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಹೆಗಲು ಮುರಿದು ಮನೆಯಲ್ಲಿದ್ದ ಅಷ್ಟೂ ತಿಂಗಳು ಗಂಡ ಅವಳ ಅಡುಗೆಗೆಲ್ಲ ಬುದ್ಧಿ ಹೇಳಿ ತಲೆ ತಿಂದಿದ್ದ. ಆದರೆ ಹೆದ್ದಾರಿಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಅವನು ಕತ್ತು ಎತ್ತುವುದನ್ನು ಅವಳು ಕಂಡಿದ್ದಳು.

"ಹಬ್ಬಕ್ಕೆ ನಾನೂ ಬರ್ತೀನಿ" ಎಂದಳು.

"ನೀನು ಬಂದು ಏನ್ ಮಾಡ್ತೀಯ?"

"ನಿನ್ನ ಪಟ್ಟದರಸೀನ ಬಸ್ಸಿಗೆ ಹತ್ತಿಸೋರು ಯಾರು? ಎದ್ದೇಳು, ಸುಮ್ನೆ ತಲೆ ತಿನ್ಬೇಡ."

ಬಸ್ಸಿನಲ್ಲಿ ಕಿಟಕಿ ಪಕ್ಕ ಎಂದಿನಂತೆ ಹಾರ್ಪ್ ಕೂತಿತು. ದೋಮಿತಿಲಾ ಹಿಂದಿನ ಸೀಟಿನಲ್ಲಿ ಡೋಲಿನ ಪಕ್ಕ ಕೂತಳು. ಸ್ಯಾಕ್ಸೋಫೋನಿನವರು "ಅಕ್ಕ, ಸವತಿ ಜಡೆ ಹಿಡಿದು ಎಳೀಬೇಡ, ತಂತಿ ಕಿತ್ತೋಗುತ್ತೆ" ಎಂದು ದಾರಿಯುದ್ದಕ್ಕೂ ಗೋಳು ಹೊಯ್ದುಕೊಂಡರು.

ಮೆರವಣಿಗೆ ಚರ್ಚಿನಿಂದ ಹೊರಟಿತು. ಚೌಕ ದಾಟುವ ತನಕ ಸಾತುರ್ನಿನೋ ಹಲ್ಲು ಕಚ್ಚಿ ನಡೆದ. ಅಲ್ಲಿಂದ ಏರು ದಾರಿ, ಕಾಲ ಕೆಳಗೆ ಕಲ್ಲು. ಹಾರ್ಪ್ ವಾಲತೊಡಗಿತು. ಎಡಗೈ ತಂತಿ ಬಿಟ್ಟು ಮರವನ್ನು ಹಿಡಿದುಕೊಂಡಿತು, ಕುಣಿಯುವವರ ಹೆಜ್ಜೆ ತಡವರಿಸಿತು. ವಿಲ್ಮರ್ ಹಿಂತಿರುಗಿ ನೋಡಿದ. ಎಲ್ಲ ಮುಗಿಯಿತು ಎಂದುಕೊಂಡ ಸಾತುರ್ನಿನೋ. ಹೆಗಲ ನೋವಿಗಿಂತ ಅದೇ ಅವನನ್ನು ಹೆಚ್ಚು ಸುಟ್ಟಿತು.

ಅಷ್ಟರಲ್ಲಿ ದೋಮಿತಿಲಾ ಗುಂಪನ್ನು ಮೊಣಕೈಯಿಂದ ಸರಿಸಿಕೊಂಡು ಬಂದು ಅವನ ಮುಂದೆ ಬೆನ್ನು ಬಗ್ಗಿಸಿ ನಿಂತಳು. ಹಿಂದೆ ಮಕ್ಕಳನ್ನೂ ಆಲೂಗಡ್ಡೆಯನ್ನೂ ಬೆನ್ನಿಗೆ ಕಟ್ಟಿ ಹೊತ್ತಿದ್ದ ಬಣ್ಣದ ಬಟ್ಟೆಯನ್ನು ಹಾರ್ಪಿನ ದಪ್ಪ ತುದಿಗೆ ಸುತ್ತಿ, ಎದೆಯ ಮೇಲೆ ಗಂಟು ಬಿಗಿದು, ಭಾರವನ್ನೆಲ್ಲ ತನ್ನ ಬೆನ್ನಿಗೆ ಎಳೆದುಕೊಂಡಳು. ಸಣ್ಣ ತುದಿ ಅವನ ಎದೆಗೆ ಆತುಕೊಂಡಿತು. ಅವನ ಎರಡು ಕೈಗೂ ಬಿಡುವು ಸಿಕ್ಕಿತು.

"ನುಡಿಸು" ಎಂದಳು.

ನುಡಿಸಿದ. ಆದರೆ ಅವಳು ಸಂತೆಗೆ ಹೊತ್ತಾದವಳಂತೆ ದಾಪುಗಾಲು ಹಾಕಿದಳು.

"ಏ, ಮೆಲ್ಲಗೆ ನಡಿಯೇ. ಹಿಂಗಾದ್ರೆ ಸಂತನ್ನೇ ದಾಟಿ ಹೋಗ್ತೀವಿ."

"ಮದುವೆಯಾದಾಗಿಂದ ನಿನ್ನ ತಾಳಕ್ಕೇ ಕುಣಿದಿದ್ದೀನಿ. ಒಂದಿನ ನನ್ನ ತಾಳಕ್ಕೆ ನೀನು ನಡಿ."

ಕಡೆಗೆ ಸಂತನನ್ನು ಹೊತ್ತವರೇ ಹೆಜ್ಜೆ ಚುರುಕು ಮಾಡಿದರು. ಸ್ಯಾಕ್ಸೋಫೋನುಗಳೂ ಅವಳ ನಡಿಗೆಗೆ ಹೊಂದಿಕೊಂಡವು. ಆ ವರ್ಷ ಮೆರವಣಿಗೆ ಅಡುಗೆ ಆಗುವ ಮೊದಲೇ ಯಜಮಾನನ ಬಾಗಿಲು ಮುಟ್ಟಿತು. ಯಜಮಾನನ ಹೆಂಡತಿ ದೋಮಿತಿಲಾಳನ್ನು ಕೈಹಿಡಿದು ಕೂರಿಸಿ, ಅಡುಗೆ ಆದದ್ದೇ ಮೊದಲ ಬಟ್ಟಲು ಸೂಪು ಅವಳಿಗೇ ಕೊಟ್ಟಳು.

ವಿಲ್ಮರ್ ತಲೆ ಕೆರೆದುಕೊಂಡು ಬಂದ. "ದೊಡ್ಡಪ್ಪ, ಮುಂದಿನ ವಾರ ತಾರ್ಮಾ ಕಡೆ ಹಬ್ಬ ಇದೆ. ನಿಮಗೆ ಎಷ್ಟು ಸೀಟು ಇಡಲಿ?"

ಸಾತುರ್ನಿನೋ ಹೆಂಡತಿಯ ಮುಖ ನೋಡಿದ.

"ಮೂರು" ಎಂದಳು ದೋಮಿತಿಲಾ, ಮೂಳೆ ಚೀಪುತ್ತ. "ಕಿಟಕಿ ಪಕ್ಕ ನಾನು."

ವಾಪಸ್ ಬರುವಾಗಲೇ ಅವಳು ಅಲ್ಲಿ ಕೂತಳು. ಹಾರ್ಪ್ ಕಂಬಳಿ ಹೊದ್ದು ಡೋಲಿನ ಪಕ್ಕಕ್ಕೆ ಹೋಯಿತು. ದೋಮಿತಿಲಾ ಮೂಗನ್ನು ಗಾಜಿಗೆ ಒತ್ತಿ ಪ್ರತಿ ಊರಿನ ಹೆಸರು ಕೇಳಿದಳು. ಯಾವ ಊರಲ್ಲಿ ಯಾರು ಉಣ್ಣಲಿಕ್ಕಿದರು, ಯಾವ ಅಟ್ಟದ ಮೇಲೆ ತಾನು ಚಳಿಗೆ ನಡುಗಿದ್ದ, ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಇದರಲ್ಲಿ ಒಂದನ್ನೂ ಇವಳಿಗೆ ಹೇಳಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಇನ್ನು ಹೇಳಬಹುದು ಎಂದು ಸಂತೋಷವೂ ಆಯಿತು.

"ಆ ಕೆಂಪು ಹೆಂಚಿನ ಊರು ಯಾವುದು?"

"ಹೆಸರು ಮರೆತೋಯ್ತು. ಸೂಪಿಗೆ ಉಪ್ಪು ಜಾಸ್ತಿ ಹಾಕ್ತಾರೆ. ಜನ ಒಳ್ಳೆಯವರು."

"ಅಲ್ಲಿಗೂ ಹೋಗೋಣ" ಎಂದಳು.