ಗಾಡಿಯಿಂದ ಇಳಿಸಿದ ಭಾರ

ಬೀದಿಯವರೆಲ್ಲ ತಕ್ಕಡಿಯವರು ಎಂದು ಕರೆಯುತ್ತಿದ್ದವರು ಕಡುಬಡವರು ಎಂದು ಇದನ್ನು ಬರೆಯುತ್ತಿರುವವನು ಬಹಳ ದಿನ ನಂಬಿದ್ದ. ಆ ಬೀದಿಗೆ ಬಾಡಿಗೆಗೆ ಬಂದ ಹೊಸದರಲ್ಲಿ ಕಣ್ಣಿಗೆ ಬಿದ್ದದ್ದೇ ಅದು: ದಪ್ಪಗಿನ ಮನುಷ್ಯರೊಬ್ಬರು ಕುದುರೆಯಷ್ಟು ಎತ್ತರದ ಬೈಕೊಂದನ್ನು ಏದುಸಿರು ಬಿಡುತ್ತ ಪೆಟ್ರೋಲ್ ಬಂಕಿನ ಕಡೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಒಂದು ಸಲವಾದರೆ ಮರೆವು ಎನ್ನಬಹುದು. ಮತ್ತೆ ಮತ್ತೆ ಅದೇ ನಡೆದಾಗ, ಪಾಪ, ಆಸೆಗೆ ಗಾಡಿ ಕೊಂಡು ಪೆಟ್ರೋಲಿಗೆ ಗತಿಯಿಲ್ಲದ ಸಂಸಾರ ಎಂದು ಕರುಳು ಚುರುಕ್ಕೆಂದಿತು. ಒಂದು ದಿನ ಬಾಟಲಿಯಲ್ಲಿ ಪೆಟ್ರೋಲು ಹಿಡಿದುಕೊಂಡು ಅವರ ಹಿಂದೆ ಓಡಿದ್ದೂ ಆಯಿತು. ಪರೀಕ್ಷೆ ಬರೆಯುತ್ತಿರುವವನಿಗೆ ಪಕ್ಕದವನು ಚೀಟಿ ಚಾಚಿದರೆ ಹೇಗೆ ನೋಡುತ್ತಾನೋ ಹಾಗೆ ಅವರು ಬಾಟಲಿಯನ್ನು ನೋಡಿದರು.

"ಬೇಡ ಸ್ವಾಮಿ, ದಯವಿಟ್ಟು ದೂರ ಇಡಿ. ಲೆಕ್ಕ ಕೆಟ್ಟುಹೋಗುತ್ತೆ."

ಬಡತನಕ್ಕೂ ಆ ತಳ್ಳಾಟಕ್ಕೂ ಸಂಬಂಧವೇ ಇರಲಿಲ್ಲ. ಗಾಡಿ ಎಷ್ಟು ಮೈಲೇಜು ಕೊಡುತ್ತದೆ ಎಂದು ತಿಳಿಯಲು ತಕ್ಕಡಿಯವರು ಕಂಡುಕೊಂಡ ದಾರಿ ಅದು. ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವುದು, ಎಂಜಿನ್ನು ಕೆಮ್ಮಿ ಕೆಮ್ಮಿ ಉಸಿರು ನಿಲ್ಲಿಸುವವರೆಗೂ ಓಡಿಸುವುದು, ಎಲ್ಲಿ ನಿಂತಿತೋ ಅಲ್ಲಿಂದ ತಳ್ಳುವುದು. ಉಳಿದವರು ಒಂದು ಸಲ ತುಂಬಿಸಿ, ಇನ್ನೊಂದು ಸಲ ತುಂಬಿಸಿ, ನಡುವಿನದನ್ನು ಭಾಗಿಸಿ ತೃಪ್ತಿಪಟ್ಟುಕೊಳ್ಳುತ್ತಾರಲ್ಲ, ಅದು ಅವರ ಪ್ರಕಾರ ಅಂದಾಜು. ಗಂಟಲು ಒಣಗಿದಾಗ ಮಾತ್ರ ಗಾಡಿ ನಿಜ ಹೇಳುತ್ತದೆ.

ಅಂದಾಜು ಎಂಬ ಮಾತು ಅವರಿಗೆ ಬೈಗುಳವಿದ್ದ ಹಾಗೆ. ತಕ್ಕಡಿ ರಿಪೇರಿ ಅವರ ಕಸುಬು. ಮುಖ್ಯರಸ್ತೆಯ ತಿರುವಿನಲ್ಲಿ, ಕ್ಷೌರದಂಗಡಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ, ಒಡವೆ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯಿಂದ ಹಿಡಿದು ಮೂಟೆ ತೂಗುವ ದೊಡ್ಡ ತಕ್ಕಡಿಯವರೆಗೆ ಎಲ್ಲವೂ ಸೊಂಟ ಮುರಿದುಕೊಂಡು ಅವರಿಗಾಗಿ ಕಾಯುತ್ತಿದ್ದವು. ಊರಿನಲ್ಲಿ ಒಂದು ಕೆಜಿ ಅನ್ನುವುದು ಒಂದು ಕೆಜಿಯೇ ಆಗಿ ಉಳಿದಿದ್ದರೆ ಅದಕ್ಕೆ ತಾವೊಬ್ಬರೇ ಕಾರಣ ಎಂಬ ಭಾವ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ತರಕಾರಿಯವನು ಅವರನ್ನು ಕಂಡು ನಮಸ್ಕಾರ ಹೇಳಿದರೆ, ಅವರು ಮೊದಲು ಅವನ ತಕ್ಕಡಿಯ ಕಡೆ ನೋಡಿ, ಆಮೇಲೆ ಅವನ ಕಡೆ ನೋಡುತ್ತಿದ್ದರು.

ಕತೆ ತಕ್ಕಡಿಯವರದೇ ಆದರೂ ಅದರ ಹಿಂದಿನ ಸೀಟು ಅವರ ಹೆಂಡತಿಯದು.

ಆಕೆ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ, ಸೋಫಾಗಳಿಗೆ ಕುಶನ್ ಹೊಲಿಯುತ್ತಿದ್ದರು. ಯಾರದೇ ಮನೆಗೆ ಹೋಗಲಿ, ಕೂರುವ ಮೊದಲು ಕುರ್ಚಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ. ಬೈಕು ಕೊಳ್ಳಲು ಹೋದ ದಿನವೂ ಎಂಜಿನ್ನು, ಗೇರು ಎಂದು ಗಂಡ ತಲೆ ತೂಗುತ್ತಿದ್ದಾಗ ಆಕೆ ಹಿಂದಿನ ಸೀಟನ್ನು ಒತ್ತಿ ನೋಡಿದ್ದರು. ದೂರದ ಪ್ರಯಾಣಕ್ಕೆಂದೇ ಮಾಡಿದ ಗಾಡಿ ಅದು. ಗಾಳಿ ತಡೆಯಲು ಮುಂದೊಂದು ಅಗಲವಾದ ಗಾಜು, ಎರಡು ಪಕ್ಕಕ್ಕೂ ಪೆಟ್ಟಿಗೆ, ಹಿಂದೆ ಕೂತವರು ಒರಗಿಕೊಳ್ಳಲು ಮೆತ್ತನೆಯ ಒರಗು.

"ಘಟ್ಟ ದಾಟಿ ನಿಮ್ಮಕ್ಕನ ಊರಿಗೆ ಇದರಲ್ಲೇ ಹೋಗೋಣ," ಎಂದಿದ್ದರು ತಕ್ಕಡಿಯವರು. ಆಕೆ ಮನೆಗೆ ಬಂದವರೇ ಸೀಟಿಗೆ ಇನ್ನೊಂದು ಪದರ ಸ್ಪಂಜು ಸೇರಿಸಿ, ಜೋಡಿ ಹೊಲಿಗೆ ಹಾಕಿ, ಸಿದ್ಧವಾಗಿ ಕುಳಿತರು.

ಕುಳಿತದ್ದೇ ಬಂತು. ಘಟ್ಟದ ಬುಡದಲ್ಲಿ ಒಂದು ಪೆಟ್ರೋಲ್ ಬಂಕು. ಅದನ್ನು ಬಿಟ್ಟರೆ ಕಾಡು, ತಿರುವು, ಮತ್ತೆ ಕಾಡು. ಮುಂದಿನ ಬಂಕು ಅಕ್ಕನ ಊರು ದಾಟಿದ ಮೇಲೆಯೇ. ಹೋಗಿ ಬರುವ ದಾರಿಯೆಲ್ಲ ಒಂದೇ ಟ್ಯಾಂಕಿನಲ್ಲಿ ಮುಗಿಯಬೇಕು ಎಂದು ತಕ್ಕಡಿಯವರು ಪಟ್ಟು ಹಿಡಿದರು.

"ಒಂದು ಕ್ಯಾನಲ್ಲಿ ಸ್ವಲ್ಪ ಇಟ್ಕೊಂಡು ಹೋದ್ರೆ ಆಗಲ್ವೇನ್ರೀ?" ಎಂದು ಆಕೆ ಕೇಳಿದ್ದುಂಟು.

"ಕ್ಯಾನು ಇಟ್ಕೊಂಡು ಯಾರು ಬೇಕಾದ್ರೂ ಹೋಗ್ತಾರೆ. ಅದರಲ್ಲಿ ಏನಿದೆ ದೊಡ್ಡಸ್ತಿಕೆ?"

ದೊಡ್ಡಸ್ತಿಕೆಯ ಬೆನ್ನು ಹತ್ತಿ ಸಾಧನೆ ಶುರುವಾಯಿತು. ಟೈರಿಗೆ ಗಾಳಿ ಬಿಗಿಯಾಯಿತು, ಚೈನಿಗೆ ಎಣ್ಣೆಯ ಅಭಿಷೇಕವಾಯಿತು. ಸೈಕಲ್ಲಿನವರು ಗಂಟೆ ಬಾರಿಸಿ ದಾರಿ ಕೇಳುವಷ್ಟು ವೇಗ ಇಳಿಯಿತು. ಬ್ರೇಕು ಹಿಡಿದರೆ ಕುಡಿದ ಪೆಟ್ರೋಲು ವ್ಯರ್ಥ ಎಂದು ಎದುರಿಗೆ ಬಂದ ಎಮ್ಮೆಗಳನ್ನು ಮಾತಿನಿಂದಲೇ ಸರಿಸುವುದು ರೂಢಿಯಾಯಿತು. ಇಳಿಜಾರು ಸಿಕ್ಕರೆ ಎಂಜಿನ್ನು ಆಫ್. ಇಷ್ಟಾದರೂ ಗಾಡಿ ಅವರು ಬಯಸಿದಷ್ಟು ಕೊಡಲಿಲ್ಲ. ತೂಕದ ಮನುಷ್ಯನಿಗೆ ತೂಕದ ಮೇಲೆಯೇ ಅನುಮಾನ ಬಂತು.

ಮೊದಲು ಪಕ್ಕದ ಪೆಟ್ಟಿಗೆಗಳು ಇಳಿದವು. ಆಮೇಲೆ ಮುಂದಿನ ಗಾಜು, ಕಾಲಿನ ಗಾರ್ಡು, ಒರಗು. ಒಂದೊಂದನ್ನೂ ಬಿಚ್ಚಿ, ತೂಗಿ, ಅಂಗಡಿಯ ಮೂಲೆಗೆ ಸೇರಿಸಿದರು. ಒಂದು ಕನ್ನಡಿಯನ್ನೂ ಬಿಚ್ಚಿದಾಗ ಆಕೆ ಬಾಗಿಲಲ್ಲಿ ನಿಂತು ಹೇಳಿದರು: "ಇನ್ನೊಂದು ಇರಲಿ ಬಿಡಿ. ಹಿಂದೆ ನಾನಿದ್ದೀನೋ ಬಿದ್ದುಹೋದೆನೋ ನೋಡ್ಕೊಳ್ಳೋಕಾದರೂ ಬೇಕಲ್ಲ."

ಒಂದು ಸಂಜೆ ಹಿಂದಿನ ಸೀಟಿನ ಸ್ಪಂಜೂ ಹೋಯಿತು. ಜೋಡಿ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿದ್ದರು. ಉಳಿದದ್ದು ರೆಕ್ಸಿನ್ ಸುತ್ತಿದ ಹಲಗೆ. ಆಕೆ ಹೆಬ್ಬೆರಳಿನಿಂದ ಒತ್ತಿದರು. ಹಲಗೆ ಹೆಬ್ಬೆರಳನ್ನು ಒತ್ತಿತು. ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಸೋಫಾದ ಕೈ ಹೊಲಿಯುತ್ತ ಕುಳಿತರು. ಗಾಡಿಯ ಮೇಲೆ ತೆಗೆಯಬಹುದಾದದ್ದು ಇನ್ನು ಏನುಳಿದಿದೆ ಎಂದು ಯೋಚಿಸುವಾಗ ಆಕೆಗೆ ತಮ್ಮದೇ ನೆನಪಾಯಿತು.

ಆ ಊಹೆ ತಪ್ಪಾಗಲಿಲ್ಲ. ಅಕ್ಕ ಫೋನು ಮಾಡಿ, "ಈ ಸಲನಾದ್ರೂ ಬರ್ತೀರೋ, ಇಲ್ಲ ಇನ್ನೂ ಟ್ಯಾಂಕು ತುಂಬ್ತಾ ಇದೀರೋ? ಕೆರೆ ಸುತ್ತ ಹೊಸ ರಸ್ತೆ ಬಂದಿದೆ ಕಣೇ, ಗಾಡೀಲಿ ಒಂದು ಸುತ್ತು ಬಂದ್ರೆ ನೀನು ವಾಪಸ್ಸೇ ಹೋಗಲ್ಲ," ಎಂದು ಹೇಳಿದ ಮರುದಿನ ಬೆಳಿಗ್ಗೆ ತಕ್ಕಡಿಯವರು ಕಾಫಿ ಲೋಟ ತಿರುಗಿಸುತ್ತ ವಿಷಯ ತೆಗೆದರು.

"ಯೋಚನೆ ಮಾಡಿದೆ. ನೀನು ಬಸ್ಸಲ್ಲಿ ಹೊರಡು. ಬ್ಯಾಗೂ ನಿನ್ನ ಜೊತೆ ಇರಲಿ. ನಾನು ಹಿಂದೆನೇ ಗಾಡೀಲಿ ಬರ್ತೀನಿ."

"ನಾನ್ಯಾಕೆ ಬಸ್ಸಲ್ಲಿ?"

"ಘಟ್ಟ ಹತ್ತೋ ಕಡೆ ಭಾರ ಆಗುತ್ತೆ. ನಿನ್ನ ತೂಕ ಅಂತಲ್ಲ, ಒಟ್ಟು ಲೆಕ್ಕ."

"ನನ್ನ ತೂಕ ಎಷ್ಟು ಅಂತ ಹಿಡಿದಿದೀರಿ?"

ಅವರು ಒಂದು ಅಂಕಿ ಹೇಳಿದರು. ಆಕೆ ಲೋಟ ಕೆಳಗಿಟ್ಟರು.

"ಇದನ್ನ ಯಾವಾಗ ತೂಗಿದ್ರಿ?"

"ತೂಗಿಲ್ಲ. ಒಂದು ಅಂದಾಜು."

"ತಕ್ಕಡಿಯವರ ಮನೇಲಿ ಅಂದಾಜಾ?"

ಆಕೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು. ತಕ್ಕಡಿಯವರು ಬೀಗದ ಕೈ ಹಿಡಿದು ಹಿಂದೆ ಬಂದರು. ಗಂಡಹೆಂಡತಿ ಬೆಳಿಗ್ಗೆಯೇ ಒಟ್ಟಿಗೆ ಅಂಗಡಿ ತೆರೆಯುವುದನ್ನು ಕಂಡು ಪಕ್ಕದ ಕ್ಷೌರಿಕ, ಒಂದು ಗಲ್ಲಕ್ಕೆ ಮಾತ್ರ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಬಂದ. ತಕ್ಕಡಿಯವರ ಮೈಲೇಜಿನ ಮಾತುಗಳಿಗೆ ಆತ ಮೊದಲ ಶಿಷ್ಯ. ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದ.

ಆಕೆ ಮೂಟೆಯ ತಕ್ಕಡಿಯ ಮೇಲೆ ನಿಂತರು. ಮುಳ್ಳು ಸ್ವಲ್ಪ ನಡುಗಿ, ಗಂಡ ಹೇಳಿದ ಅಂಕಿಗಿಂತ ಬಹಳ ಕೆಳಗೇ ನಿಂತಿತು.

"ಅಕ್ಕಾ, ನೀವು ಹೂವಿನ ಹಾಗಿದೀರಿ," ಎಂದ ಕ್ಷೌರಿಕ.

"ನೀನು ಸುಮ್ನಿರಪ್ಪ. ರೀ, ಈಗ ನೀವು ನಿಂತ್ಕೊಳ್ಳಿ."

"ನನ್ನದು ಗೊತ್ತಿದೆ. ಗಾಡಿ ತಗೊಂಡಾಗ ತೂಗಿದೀನಿ."

"ಅದು ಗಾಡಿ ಹೊಸದಾಗಿದ್ದಾಗ. ನೀವೂ ಹೊಸದಾಗಿದ್ರಿ."

ತಕ್ಕಡಿಯವರು ಹತ್ತಿ ನಿಂತರು. ಜೀವಮಾನವಿಡೀ ತಕ್ಕಡಿಗಳ ಮೇಲೆ ಬೇರೆಯವರ ಸರಕು ಇಟ್ಟು ನೋಡಿದವರು, ತಾವು ಹತ್ತಿ ಎಷ್ಟೋ ವರ್ಷವಾಗಿತ್ತು. ಮುಳ್ಳು ಅವರ ನಂಬಿಕೆಯ ಅಂಕಿಯನ್ನು ಮುಟ್ಟಿತು, ಅಲ್ಲಿ ನಿಲ್ಲಲಿಲ್ಲ, ಯಾರದೋ ಮನೆ ಹುಡುಕುತ್ತಿರುವ ಅಂಚೆಯವನ ಹಾಗೆ ಮುಂದೆ ಮುಂದೆ ಹೋಗಿ ಒಂದು ಕಡೆ ನಿಂತಿತು. ಅವರು ಇಳಿದು ಬೂಟು ಬಿಚ್ಚಿ ಹತ್ತಿದರು. ಇಳಿದು ಬೆಲ್ಟು, ಬೀಗದ ಗೊಂಚಲು ತೆಗೆದಿಟ್ಟು ಹತ್ತಿದರು. ಮುಳ್ಳಿಗೆ ಅಂಥ ವ್ಯತ್ಯಾಸವೇನೂ ಕಾಣಿಸಲಿಲ್ಲ.

"ಮುಳ್ಳು ಸ್ವಲ್ಪ ಮುಂದಿದೆ," ಎಂದರು.

"ನಿನ್ನೆ ತಾನೆ ನೀವೇ ರೆಡಿ ಮಾಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂದ್ರಲ್ಲ ಗುರುಗಳೇ," ಎಂದ ಕ್ಷೌರಿಕ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಗುರುಗಳ ಮಾತನ್ನು ಗುರುಗಳಿಗೇ ನೆನಪಿಸಿದ, ಅಷ್ಟೆ.

ತಕ್ಕಡಿಯವರು ಕಬ್ಬಿಣದ ತೂಕದ ಬಟ್ಟುಗಳನ್ನು ಒಂದೊಂದಾಗಿ ತಂದು ಪೇರಿಸಿದರು. ತಕ್ಕಡಿ ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟಿತು. ಬೇರೆಯವರ ತಕ್ಕಡಿಯಾಗಿದ್ದರೆ ಬೈಯಬಹುದಿತ್ತು. ಇದು ಅವರ ಕೈಯದೇ ಕೆಲಸ. ತಕ್ಕಡಿ ತಪ್ಪು ಎಂದರೆ ಕಸುಬು ಹೋಗುತ್ತದೆ, ಸರಿ ಎಂದರೆ ಹೊಟ್ಟೆ ಒಪ್ಪಿಕೊಳ್ಳಬೇಕಾಗುತ್ತದೆ. ಅವರು ಎರಡನ್ನೂ ಹೇಳದೆ ಬಟ್ಟುಗಳನ್ನು ಒರೆಸಿ ಇಳಿಸಿದರು.

ಅಷ್ಟರಲ್ಲಿ ಆಕೆ ಮೂಲೆಯಿಂದ ಗಾಡಿಯ ಪೆಟ್ಟಿಗೆಗಳನ್ನು ಎಳೆದು ತಂದು ತಕ್ಕಡಿಯ ಮೇಲೆ ಇಟ್ಟಾಗಿತ್ತು. ಅದರ ಮೇಲೆ ಗಾಜು, ಗಾರ್ಡು, ಒರಗು, ಸ್ಪಂಜು, ತುದಿಗೆ ಕನ್ನಡಿ. ಮೂವರೂ ಬಗ್ಗಿ ಮುಳ್ಳನ್ನು ನೋಡಿದರು. ಅಷ್ಟೆಲ್ಲ ಸೇರಿಯೂ ತಕ್ಕಡಿಯವರು ಗಾಡಿ ಕೊಂಡ ಮೇಲೆ ಬೆಳೆಸಿಕೊಂಡ ತೂಕಕ್ಕೆ ಸಮನಾಗಲಿಲ್ಲ. ಕ್ಷೌರಿಕ ನ್ಯಾಯವಂತ, ಸ್ಪಾನರು ಪೆಟ್ಟಿಗೆಯನ್ನೂ ಎತ್ತಿ ಇಟ್ಟ. ಆಗಲೂ ಸಾಲಲಿಲ್ಲ.

"ಗಾಡಿಯಿಂದ ಇಳಿಸಿದ್ದನ್ನೆಲ್ಲ ಮೈಗೆ ಏರಿಸ್ಕೊಂಡಿದೀರಿ," ಎಂದರು ಆಕೆ. "ಭಾರ ಕಡಿಮೆ ಆಗಬೇಕು ಅಂದ್ರೆ ಬಸ್ಸು ಹತ್ತಬೇಕಾದವರು ನಾನಲ್ಲ."

ಒಂದು ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಬಾಗಿಲಲ್ಲಿ ನಿಂತು, "ನನ್ನದೂ ಒಮ್ಮೆ ತೂಗ್ತೀರಾ?" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ತಕ್ಕಡಿಯವರು ಸಂಜೆ ಮನೆಗೆ ಬಂದವರೇ ಸ್ಪಂಜನ್ನು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಇಟ್ಟು, "ಜೋಡಿ ಹೊಲಿಗೇನೇ ಹಾಕು," ಎಂದು ಹೊರಗೆ ಹೋದರು. ಅಂಗಳದಲ್ಲಿ ಸ್ಪಾನರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಒಪ್ಪಿಗೆಯೋ ಮುನಿಸೋ ಎಂದು ಆಕೆ ಇಣುಕಿ ನೋಡಲಿಲ್ಲ. ದಾರ ಪೋಣಿಸಿದರು.

ಇಬ್ಬರೂ ಹೊರಟರು. ಘಟ್ಟದ ಬುಡದ ಬಂಕಿನಲ್ಲಿ ಕಂಠಪೂರ್ತಿ ತುಂಬಿಸಿ ತಕ್ಕಡಿಯವರು ಮೀಟರಿನ ಅಂಕಿಯನ್ನು ಬಾಯಿಪಾಠ ಮಾಡಿಕೊಂಡರು. ಸೋತದ್ದು ಅಂಗಡಿಯಲ್ಲಿ, ಇನ್ನೂ ರಸ್ತೆಯಲ್ಲಲ್ಲ. ಏರಿನಲ್ಲಿ ಗಾಡಿ ನಿಧಾನವಾಗಿ, ದೊಡ್ಡವರ ಮನೆಗೆ ಹೋಗುವವರ ಹಾಗೆ ಮರ್ಯಾದೆಯಿಂದ ಹತ್ತಿತು. ಆಕೆ ಒರಗಿಕೊಂಡು ಮರಗಳನ್ನು ನೋಡಿದರು. ಒಂದು ತಿರುವಿನಲ್ಲಿ ಕಣಿವೆ ಪೂರ್ತಿ ಕಾಣಿಸಿತು. ಆಕೆ ಭುಜ ತಟ್ಟಿ ತೋರಿಸಿದರೆ ಅವರು ಪೆಟ್ರೋಲಿನ ಮುಳ್ಳು ನೋಡುತ್ತಿದ್ದರು. ಇಳಿಜಾರು ಬಂದಾಗ ಅವರ ಕೈ ಅಭ್ಯಾಸಬಲದಿಂದ ಕೀಲಿಯ ಕಡೆ ಹೋಯಿತು.

"ಆಫ್ ಮಾಡಿದ್ರೆ ಇಲ್ಲೇ ಇಳಿದ್ಬಿಡ್ತೀನಿ," ಎಂದರು ಹಿಂದಿನಿಂದ.

ಕೈ ವಾಪಸ್ಸು ಬಂತು.

ಅಕ್ಕನ ಊರಿಗೆ ಸ್ವಲ್ಪ ಮುಂಚೆ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಅಕ್ಕನ ಮನೆ. ಎಡಕ್ಕೆ ತಿರುಗಿದರೆ ಕೆರೆಯನ್ನು ಬಳಸಿಕೊಂಡು ಅದೇ ಮನೆ, ಆದರೆ ಬಹಳ ಸುತ್ತು. ತಕ್ಕಡಿಯವರು ಗಾಡಿ ನಿಲ್ಲಿಸಿ ಲೆಕ್ಕ ಹಾಕಿದರು. ನೇರ ಹೋದರೆ ವಾಪಸ್ಸು ಬಂಕಿನವರೆಗೆ ಸರಿಯಾಗಿ ಸಾಕು. ಇಷ್ಟು ವರ್ಷ ಬೀದಿಯಲ್ಲಿ ತಳ್ಳಿ ತಳ್ಳಿ ಕಾದಿದ್ದ ಅಂಕಿ ಕೈಗೆ ಸಿಗುವಷ್ಟು ಹತ್ತಿರವಿತ್ತು.

"ಕೆರೆ ಕಡೆ," ಎಂದರು ಆಕೆ.

"ಹೋದ್ರೆ ವಾಪಸ್ ಬರೋಕೆ ಸಾಲಲ್ಲ."

ಆಕೆ ಇಳಿದು, ಪಕ್ಕದ ಪೆಟ್ಟಿಗೆಯ ಮುಚ್ಚಳ ತೆಗೆದು, ಹಳೆಯ ಕುಶನ್ ಬಟ್ಟೆಗಳ ನಡುವೆ ಸುತ್ತಿಟ್ಟಿದ್ದ ಕ್ಯಾನನ್ನು ಹೊರಗೆಳೆದರು. ಅದರ ತೂಕವನ್ನು ಯಾರೂ ನೋಡಿರಲಿಲ್ಲ. ಬಂಕಿನವನು ತುಂಬಿದಾಗ ತಕ್ಕಡಿಯವರು ಮೀಟರು ಬಾಯಿಪಾಠ ಮಾಡುತ್ತಿದ್ದರು.

ಅವರು ಕ್ಯಾನನ್ನೂ ಹೆಂಡತಿಯನ್ನೂ ಕವಲುದಾರಿಯನ್ನೂ ನೋಡಿದರು. ಸುರಿದರೆ ಲೆಕ್ಕ ಕೆಡುತ್ತದೆ. ಸುರಿಯದಿದ್ದರೆ ಕೆರೆ ಇಲ್ಲ. "ಎಷ್ಟಿದೆ ಇದರಲ್ಲಿ?" ಎಂದು ಕೇಳಿದರು.

"ಅಂದಾಜು ಅರ್ಧ," ಎಂದರು ಆಕೆ.

ಅವರು ಟ್ಯಾಂಕಿನ ಮುಚ್ಚಳ ತೆಗೆದು ಪೂರ್ತಿ ಸುರಿದರು. ಒಂದೆರಡು ಹನಿ ಹೊರಗೂ ಚೆಲ್ಲಿತು. ಬೆರಳಿನಿಂದ ಒರೆಸಿ, ಎಡಕ್ಕೆ ತಿರುಗಿದರು. ಕೆರೆ ಹೇಗಿತ್ತು ಎಂದು ಅಕ್ಕ ಕೇಳಿದಾಗ ಆಕೆ, ಇನ್ನೊಂದು ಸುತ್ತು ಬಂದೆವು, ಅದಕ್ಕೇ ತಡ ಎಂದರಂತೆ.

ಊರಿಗೆ ಮರಳಿದ ದಿನ ಕ್ಷೌರಿಕ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಗಾಡಿ ಸ್ಟ್ಯಾಂಡು ಹಾಕುವುದಕ್ಕೂ ಬಿಡಲಿಲ್ಲ.

"ಎಷ್ಟು ಕೊಡ್ತು ಗುರುಗಳೇ?"

"ಗೊತ್ತಿಲ್ಲ."

ಕ್ಷೌರಿಕನಿಗೆ ನೆಲ ಕುಸಿದಂತಾಯಿತು. ಪೆಟ್ಟಿಗೆಗಳನ್ನು ನೋಡಿದ, ಗಾಜನ್ನು ನೋಡಿದ, ಮೆತ್ತನೆಯ ಸೀಟಿನಿಂದ ಇಳಿಯುತ್ತಿದ್ದ ಆಕೆಯನ್ನು ನೋಡಿದ. ಗುರುವನ್ನು ಸಮಾಧಾನ ಮಾಡುವ ದನಿಯಲ್ಲಿ ಕೇಳಿದ:

"ಅಕ್ಕನ್ನ ಬಸ್ಸಲ್ಲಿ ಕಳ್ಸಿ ಒಬ್ಬರೇ ಹೋಗಿದ್ರೆ ಇನ್ನೂ ಚೆನ್ನಾಗಿ ಕೊಡ್ತಿತ್ತು, ಅಲ್ವಾ?"

ತಕ್ಕಡಿಯವರು ಹೆಲ್ಮೆಟ್ಟು ತೆಗೆದು ಪೆಟ್ಟಿಗೆಯ ಮೇಲಿಟ್ಟರು.

"ಗಾಡೀನ ನಿನ್ನ ಅಂಗಡೀಲಿ ನಿಲ್ಲಿಸಿ ಹೋಗಿದ್ರೆ ಒಂದು ಹನಿನೂ ಕುಡೀತಿರಲಿಲ್ಲ."