ಬಾಣಂತನಕ್ಕೆ ತೆಗೆದಿಟ್ಟ ನೀಲಿ ಮೊಟ್ಟೆ

ಒದ್ದೆ ಸುಣ್ಣದ ವಾಸನೆ ಬಂದರೆ ನಿಮಗೆ ಎಲೆಯಡಿಕೆಯ ನೆನಪಾಗಬಹುದು, ನನಗೆ ಅವ್ವನ ಬಾತುಮೊಟ್ಟೆಗಳ ನೆನಪಾಗುತ್ತದೆ. ಬ್ಯಾಕೋಡಿನ ಹತ್ತಿರ, ಹಿನ್ನೀರಿನ ದಂಡೆಯ ನಮ್ಮ ಹಿತ್ತಿಲಲ್ಲಿ ನಾಲ್ಕೈದು ಬಾತುಗಳಿದ್ದವು. ಉಳಿದವೆಲ್ಲ ಬಿಳಿ ಮೊಟ್ಟೆ ಇಟ್ಟರೆ, ಅಕ್ಕ ಸರೋಜ ಮರಿಯಿಂದ ಸಾಕಿದ ಬಾತು ಮಾತ್ರ ತಿಳಿನೀಲಿಯದನ್ನು ಇಡುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗಲೂ ಬೆಳಿಗ್ಗೆ ಗೂಡು ತೆಗೆಯುವವಳು ಅವಳೇ. ಹುಲ್ಲಿನ ಚೂರು ಅಂಟಿದ ಬೆಚ್ಚನೆಯ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. "ನಿನ್ ಹೊಟ್ಟೆಲಿರೋದು ಯಾವ ಬಣ್ಣದ್ದೇ ಅಕ್ಕ?" ಎಂದು ನಾನು ಕಾಡಿಸಿದರೆ, "ಯಾವ ಬಣ್ಣದ್ದಾದ್ರೂ ಎತ್ತಿ ಆಡ್ಸೋಳು ನೀನೇ, ಸುಮ್ನಿರು" ಎನ್ನುತ್ತಿದ್ದಳು.

ಆ ಸಲ ಮೊಟ್ಟೆಗಳ ಸಿಪ್ಪೆ ತೀರಾ ತೆಳುವಾಗಿತ್ತು. ಬೆರಳು ತಾಗಿದರೆ ಕುಸಿಯುತ್ತಿತ್ತು. ನೀಲಿ ಮೊಟ್ಟೆಯೇ ಬಾಣಂತಿಗೆ ಬಲ ಎಂದು ನಂಬಿದ್ದ ಅವ್ವ ಚೌಡಮ್ಮನಿಗೆ ಹರಕೆ ಹೊತ್ತಳು. ಗದ್ದೆಯಂಚಿನಿಂದ ಬಸವನಹುಳದ ಖಾಲಿ ಚಿಪ್ಪು ಆರಿಸಿ ತಂದು, ಹುರಿದು, ಕುಟ್ಟಿ, ತೌಡಿನಲ್ಲಿ ಕಲಸಿ ಬಾತಿಗೆ ಹಾಕಿದಳು. ಬರಬರುತ್ತಾ ಸಿಪ್ಪೆ ಗಟ್ಟಿಯಾಯಿತು. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಮೆಲ್ಲಗೆ ತಾಗಿಸಿ ಆ ಟಕ್ ಸದ್ದಿಗೆ ಅವಳು ನಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಡಬಾರದೆಂದು ಒಂದೊಂದಕ್ಕೂ ಸುಣ್ಣ ಸವರಿ, ಉಮಿ ತುಂಬಿದ ಮಡಕೆಯಲ್ಲಿ ಹುಗಿದಿಟ್ಟಳು. "ಒಂದು ಬೇಯ್ಸಿ ಕೊಡೇ ಅವ್ವ, ಬಾಯಿ ಬಯಸ್ತದೆ" ಎಂದು ಅಕ್ಕ ಕೇಳಿದರೆ, "ಹೆತ್ತ ಮೇಲೆ ದಿನಾ ತಿನ್ನುವಂತೆ, ಈಗ ಬಿಳೀದು ತಿನ್ನು" ಎಂದಳು.

ಅಕ್ಕನನ್ನು ಲಾಂಚಿನಲ್ಲಿ ಹೊಳೆ ದಾಟಿಸಿ ಆಸ್ಪತ್ರೆಗೆ ಕರೆದೊಯ್ದರು. ತಿರುಗಿ ಮನೆಗೆ ಬಂದದ್ದು ಮಗು ಮಾತ್ರ. ಕಾರ್ಯವೆಲ್ಲ ಮುಗಿದ ಮೇಲೆ ಅವ್ವ ಆ ಮಡಕೆ ತೆಗೆದಳು. ಮೊಟ್ಟೆಗಳ ಸುಣ್ಣ ತೊಳೆದು, ಕಾವಿಗೆ ಬಂದಿದ್ದ ಹೇಂಟೆಯ ಕೆಳಗೆ ಇಟ್ಟಳು. ಸುಣ್ಣ ಬಳಿದರೆ ಗಾಳಿಯಾಡದೆ ಒಳಗಿನ ಜೀವ ಹೋಗುತ್ತದೆಂದು ನಮ್ಮಲ್ಲಿ ಗೊತ್ತಿಲ್ಲದವರಿಲ್ಲ. "ಇದ್ರಲ್ಲಿ ಮರಿ ಆಗ್ತದೇನೇ?" ಎಂದು ಅಪ್ಪಯ್ಯ ಕೇಳಿದರು. "ನಂಗೂ ಗೊತ್ತದೆ. ಕೂತ್ಕಳ್ಳಿ ಬಿಡಿ ಅದು" ಎಂದಳು ಅವ್ವ. ಹೇಂಟೆ ಬಡಕಲಾಗುವವರೆಗೆ ಕೂತು, ಒಂದು ದಿನ ತಾನೇ ಎದ್ದು ಹೋಯಿತು. ಅವ್ವ ತಣ್ಣಗಾದ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಚೌಡಮ್ಮನ ಮರದ ಬುಡದಲ್ಲಿ ಹೂತು ಬಂದಳು. ಆಮೇಲೆ ಅವಳು ಮೊಟ್ಟೆ ಬಾಯಿಗಿಡಲಿಲ್ಲ.

ಈಗ ಅವ್ವನಿಲ್ಲ, ಹಿತ್ತಿಲಲ್ಲಿ ಬಾತಿಲ್ಲ, ಹೊಳೆಗೆ ಸೇತುವೆಯಾಗಿದೆ. ಅಕ್ಕ ಹೇಳಿದ ಹಾಗೆ ಆ ಮಗುವನ್ನು ಎತ್ತಿ ಆಡಿಸಿದವಳು ನಾನೇ. ದೇವರು ಅಷ್ಟಾದರೂ ಉಳಿಸಿಕೊಟ್ಟ. ಆ ಕೂಸೇ ಈಗ ಬಸುರಿ, ಸಾಗರದ ನಮ್ಮ ಮನೆಯಲ್ಲಿದ್ದಾಳೆ. ಮೊನ್ನೆ ಸಂತೆಯಿಂದ ತಂದ ಬಾತುಮೊಟ್ಟೆಗಳಲ್ಲಿ ಎರಡು ನೀಲಿಯವಿದ್ದವು. "ಎಷ್ಟು ಚೆಂದ ಅದಾವೆ ಚಿಕ್ಕಿ! ಬಾಣಂತನಕ್ಕೆ ತೆಗ್ದಿಡು" ಎಂದಳು. ನಾನು ಒಲೆಗೆ ನೀರಿಟ್ಟೆ. "ಬೇಡ ಮಗಾ, ಇವತ್ತೇ ತಿನ್ನು."

"ನಮ್ಮಮ್ಮಂಗೂ ನೀಲೀದೇ ಇಷ್ಟ ಆಗಿತ್ತಾ?"

ಹೂಂ ಎಂದೆ. ಎರಡನೆಯದನ್ನೂ ನೀರಿಗೆ ಬಿಟ್ಟೆ.