ಅಕ್ಕೋರು ಬದಲಿಸಿದ ಡಬ್ಬಿ

ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಕೋರ ಎಡತೋಳು ಬಾತು ಬಲತೋಳಿನ ಒಂದೂವರೆ ಪಟ್ಟಾಗಿತ್ತು. ಕುಬಸದ ಆ ಒಂದು ತೋಳಿಗೆ ತಾವೇ ಬೇರೆ ಬಣ್ಣದ ಪಟ್ಟಿ ಕೊಟ್ಟು ಅಗಲ ಮಾಡಿಕೊಂಡಿದ್ದರು. ತಿಂಗಳಿಗೊಮ್ಮೆ ಕೆಲಗೇರಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವವನು ನಾನು. ಬಸ್ಸು ನಡುದಾರಿಯಲ್ಲಿ ನಿಲ್ಲಬಹುದು, ಯಾರಾದರೂ ಆ ತೋಳಿಗೇ ಟ್ರಂಕು ತಾಗಿಸಬಹುದು, ಫೈಲು ಮರೆಯಬಹುದು, ಫೈಲು ನೆನಪಿದ್ದು ಅಕ್ಕೋರನ್ನೇ ಮರೆಯಬಹುದು ಎಂದು ನನಗೆ ಹಿಂದಿನ ದಿನದಿಂದಲೇ ಕಳವಳ. ಅದ್ಯಾವುದೂ ಆಗಲಿಲ್ಲ. ತಪ್ಪಾದದ್ದು ನನ್ನದೊಂದು ಸಹಿ.

ಏಳನೇ ಇಯತ್ತೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. "ಪುಸ್ತಕ ನೋಡಿ ಬರಿಬ್ಯಾಡ. ನಿನ್ನ ಗ್ಲಾಸಿನ್ಯಾಗ ಏನಾತು, ಅದನ್ನ ಬರಿ" ಎನ್ನುತ್ತಿದ್ದರು. ನಾನು ಏನು ಹೇಳಿದರೂ "ಖರೇನು?" ಎಂದು ಎರಡನೆಯ ಸಲ ಕೇಳಿಯೇ ನಂಬುತ್ತಿದ್ದರು. ಮದುವೆಯಾಗಿರಲಿಲ್ಲ, ಕಾಯಿಲೆ ಬಿದ್ದಾಗ ಪಕ್ಕದ ಮನೆಯ ನಾನೇ ಗತಿಯಾದೆ.

ಸ್ತನದ ಕ್ಯಾನ್ಸರ್ ಎಲುಬಿಗೆ ಹಬ್ಬದಂತೆ ತಡೆಯಬಹುದಾದ ಗುಳಿಗೆಯೊಂದರ ಸಂಶೋಧನೆ ಆಗ ಅಲ್ಲಿ ನಡೆದಿತ್ತು. ಮಾಮೂಲಿ ಔಷಧ ಎಲ್ಲರಿಗೂ ಇತ್ತು. ಅದರ ಜೊತೆಗೆ ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ಹಾಗೆಯೇ ಕಾಣುವ ಹುಸಿ ಗುಳಿಗೆ. ಯಾರ ಡಬ್ಬಿಯಲ್ಲಿ ಯಾವುದೆಂದು ಡಾಕ್ಟರಬಾಯಿಗೂ ಗೊತ್ತಿರಲಿಲ್ಲ. ಅಕ್ಕೋರಿಗೆ ಮೊದಲ ತಿಂಗಳೇ ಎದೆಯುರಿ ಶುರುವಾಯಿತು. "ನಂದು ಖರೇ ಗುಳಿಗಿನ" ಎಂದು ತೀರ್ಮಾನಿಸಿದರು. ಗುಳಿಗೆಯ ಸಾಲಿನಲ್ಲಿ ಪಕ್ಕಕ್ಕೆ ಕೂಡುತ್ತಿದ್ದ ಉಪ್ಪಿನಬೆಟಗೇರಿಯ ಹೆಣ್ಣುಮಗಳಿಗೆ ಏನೂ ಆಗಿರಲಿಲ್ಲ; ಹಾಗಾದರೆ ಅವಳದು ಹುಸಿ.

ಎರಡನೇ ತಿಂಗಳ ಡಬ್ಬಿ ಪಡೆದು ಮರಳುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರು ಅವಳ ಡಬ್ಬಿ ತೆಗೆದುಕೊಂಡು ತಮ್ಮದನ್ನು ಅವಳ ಚೀಲಕ್ಕೆ ಹಾಕಿದರು.

"ಅಕ್ಕೋರ, ಏನ್ ಮಾಡಾಕತ್ತೀರಿ?"

"ಸುಮ್ನಿರೋ. ಅಕಿಗೆ ಎರಡು ಸಣ್ಣ ಮಕ್ಕಳದಾವ. ನನಗ್ಯಾರದಾರ? ನೀ ಒಬ್ಬ ದಡ್ಡ."

ಆ ತಿಂಗಳು ನನಗೆ ಅನ್ನ ಸೇರಲಿಲ್ಲ. ಹೇಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಮುಂದೆ ಯಾವ ಊರಿನ ಯಾವ ಹೆಂಗಸೋ ನಮ್ಮ ಸುಳ್ಳು ಲೆಕ್ಕ ನಂಬಿ ಕೆಡುತ್ತಾಳೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ 'ತಮ್ಮ ಗುಳಿಗೆ ತಾವೇ ತೆಗೆದುಕೊಂಡಿದ್ದಾರೆ' ಎಂಬ ಕಾಗದಕ್ಕೆ ಜೊತೆಗೆ ಬಂದವರ ಸಹಿ ಬೇಕಿತ್ತು. ಹೆದರಿ ಹಾಕಿಬಿಟ್ಟೆ. ಅಕ್ಕೋರು ಕಾಗದ ಎಳೆದುಕೊಂಡು ಓದಿ, ನನ್ನ ಸಹಿಯ ಮೇಲೆ ಗೀಟು ಹೊಡೆದರು.

"ಡಾಕ್ಟರಬಾಯಿ, ಡಬ್ಬಿ ಬದಲ್ ಮಾಡಿದಾಕಿ ನಾ. ನನ್ನ ಸಲುವಾಗಿ ಇಂವ ಸುಳ್ಳು ಬರದಾನ. ಅಕಿನ್ನ ಮಾತ್ರ ಹೊರಗ ಹಾಕಬ್ಯಾಡ್ರಿ."

ಯಾರನ್ನೂ ಹಾಕಲಿಲ್ಲ. ತಪ್ಪನ್ನು ಬರೆದುಕೊಂಡು, ಅವರವರ ಡಬ್ಬಿ ಅವರವರಿಗೇ ಕೊಟ್ಟರು. ಕೊಟ್ಟುಬಿಡಬೇಕೆಂದಿದ್ದನ್ನು ಅಕ್ಕೋರು ದಿನಾ ತಾವೇ ನುಂಗಬೇಕಾಯಿತು; ನುಂಗುವಾಗ ಗೋಡೆಯ ಕಡೆ ತಿರುಗುತ್ತಿದ್ದರು.

ಮೂರು ವರ್ಷದ ಮೇಲೆ ರೋಗ ಅವರ ಬೆನ್ನೆಲುಬಿಗಿಳಿಯಿತು. ಸಂಶೋಧನೆ ಮುಗಿದು, ಯಾರಿಗೆ ಯಾವುದೆಂದು ತಿಳಿಸುವ ದಿನ ನಾನೊಬ್ಬನೇ ಹೋದೆ. ಉಪ್ಪಿನಬೆಟಗೇರಿಯವಳೂ ಗಟ್ಟಿಮುಟ್ಟಾಗಿ ಬಂದಿದ್ದಳು. ತನ್ನದು ನಿಜದ್ದೆಂದು ಅವಳೇ ಹೇಳಿದಳು. ಅಕ್ಕೋರದು ಹುಸಿ. ಆ ಎದೆಯುರಿ ಬಸ್‌ಸ್ಟ್ಯಾಂಡಿನ ಮಿರ್ಚಿಯದಿರಬೇಕು.

ದಾರಿಯುದ್ದಕ್ಕೂ ಸುಳ್ಳು ಹೊಸೆದೆ. ಹಾಸಿಗೆಯಿಂದ ಅವರು ನನ್ನ ಮುಖ ನೋಡಿದರು. ನಿಜವೇ ಬಾಯಿಗೆ ಬಂತು.

"ಅಂದ್ರ ಆ ತಿಂಗಳು ಅಕಿದು ನಾ ತಿಂದ್ನಿ. ದಾನ ಮಾಡಾಕ ಹೋಗಿ ಕಳವು ಮಾಡಿದ್ನಲ್ಲೋ!" ನಗಲು ಹೋಗಿ ಕೆಮ್ಮಿದರು. "ಅಕಿ ಹೆಂಗದಾಳ?"

"ಛಲೋ ಅದಾಳ್ರಿ."

ಕಣ್ಣು ಮುಚ್ಚಿ ಮಲಗಿದರು. ಅದಾಗಿ ಎಂಟನೆಯ ದಿನ ತೀರಿಹೋದರು. ನನ್ನ ಮಾತನ್ನು ಅವರು ಎರಡನೆಯ ಸಲ ಕೇಳದೆ ನಂಬಿದ್ದು ಅದೊಂದೇ ಬಾರಿ.